ಕೆಂಪಂಗಿಯವರ ಗೋಲಿನ ಘಂಟೆ

ಕಲಂಗುಟ್ ಬೀಚಿಗೆ ಇಳಿಯುವ ರಸ್ತೆಯ ಎಡಗಡೆಗೆ ಒಂದು ಬಾರ್ ಇದೆ. ಅದರ ಕೌಂಟರಿನ ಪಕ್ಕದ ಕಂಬಕ್ಕೆ ಹಡಗಿನ ಹಿತ್ತಾಳೆ ಘಂಟೆಯೊಂದನ್ನು ತೂಗುಬಿಟ್ಟಿದ್ದಾರೆ. ವಾಸ್ಕೋದ ಗುಜರಿಯಲ್ಲಿ ಸಿಕ್ಕಿದ್ದು. ಟಿವಿಯಲ್ಲಿ ಇಂಗ್ಲಂಡಿನ ಫುಟ್‌ಬಾಲ್ ನಡೆಯುವಾಗ ಕೆಂಪಂಗಿಯವರು ಗೋಲು ಹೊಡೆದರೆ ಆ ಘಂಟೆ ಬಾರಿಸಬೇಕು. ಘಂಟೆ ಕೇಳಿತೆಂದರೆ ಕೂತವರಿಗೆಲ್ಲ ಒಂದೊಂದು ಸಣ್ಣ ಗ್ಲಾಸು ಬಿಯರು ಪುಕ್ಕಟೆ. ಬಾರಿಸುವ ಕೆಲಸ ಚಂದಪ್ಪನದು.

ಚಂದಪ್ಪ ಸಿಂದಗಿ ಸೀಮೆಯವನು. ಈ ಬಾರಿನ ಕಟ್ಟಡ ಏಳುವಾಗ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತವನು. ಕಟ್ಟಡ ಮುಗಿಯಿತು, ಗೌಂಡಿಗಳು ಬೇರೆ ಕಡೆಗೆ ಹೋದರು, ಇವನು ಇಲ್ಲೇ ಉಳಿದ. ಮೊದಲು ಕಾವಲು ಕಾದ, ಆಮೇಲೆ ಕಸ ಹೊಡೆದ, ಈಗ ಗ್ಲಾಸು ತೊಳೆಯುತ್ತಾನೆ. ಬಾರಿನ ಹಿಂದುಗಡೆ, ಗ್ಯಾಸ್ ಸಿಲಿಂಡರ್ ಇಡುವ ಜಾಗಕ್ಕೆ ಹೊಂದಿಕೊಂಡು ಒಂದು ಕೋಣೆ. ಅವನೂ ಹೆಂಡತಿ ಹನುಮವ್ವನೂ ಸಂಸಾರ ಮಾಡಿದ್ದು, ಮಗಳನ್ನು ಬೆಳೆಸಿ ಮದುವೆ ಮಾಡಿ ಕಳಿಸಿದ್ದು ಎಲ್ಲ ಆ ಕೋಣೆಯಿಂದಲೇ. ಬಾಡಿಗೆ ಇಲ್ಲ. ಕೆಲಸ ಇರುವ ತನಕ ಕೋಣೆ, ಕೋಣೆ ಇರುವ ತನಕ ಗೋವಾ. ಲೆಕ್ಕ ಅಷ್ಟು ಸರಳ.

ಹನುಮವ್ವ ಪಕ್ಕದ ಗೆಸ್ಟ್‌ಹೌಸಿನಲ್ಲಿ ಚಾದರ, ಟವೆಲ್ಲು ಒಗೆಯುತ್ತಾಳೆ. ಗಂಡನ ಹೊಸ ಕೆಲಸದ ಬಗ್ಗೆ ಅವಳಿಗೆ ಅಷ್ಟೇನೂ ಅಭಿಮಾನವಿರಲಿಲ್ಲ. "ಮುಪ್ಪಿನ್ಯಾಗ ಘಂಟಿ ಬಾರಸಾಕ ಹತ್ಯಾನಂತ ಊರಾಗ ಹೆಂಗ ಹೇಳ್ಲಿ? ಯಾರರ ಕೇಳಿದ್ರ ಪೂಜಾರಿ ಆಗ್ಯಾನ ಅಂತೀನಿ," ಎನ್ನುತ್ತಿದ್ದಳು.

ಅವನಿಗೆ ಆ ಕೆಲಸ ಕೊಟ್ಟವನು ಮ್ಯಾನೇಜರ್ ವಸಂತ. ಧಾರವಾಡದ ಕಡೆಯ ಮನುಷ್ಯ, ನಲವತ್ತರ ಆಸುಪಾಸು. ಹೆಂಡತಿ ಮೃದುಲಾ ಮಾಪ್ಸಾದ ಒಂದು ಶಾಲೆಯಲ್ಲಿ ಟೀಚರು. ಘಂಟೆ ಕಟ್ಟಿದ ದಿನ ವೇಟರ್ ಹುಡುಗರೆಲ್ಲ ತಾ ಮುಂದು ನಾ ಮುಂದು ಎಂದು ಹಗ್ಗಕ್ಕೆ ಕೈ ಹಾಕಿದಾಗ ವಸಂತನೇ ತಡೆದಿದ್ದ. "ನಿಮ್ಮ ಕೈಯಾಗ ಕೊಟ್ರ ಚೆಂಡು ನಡುಗೆರಿ ದಾಟೋದ್ರಾಗ ಬಾರಿಸಿಬಿಡ್ತೀರಿ. ಚಂದಪ್ಪಕಾಕಾ ಬಾರಿಸಲಿ. ಅವರಿಗೆ ಅವಸರ ಅನ್ನೋದ ಗೊತ್ತಿಲ್ಲ."

ಮಾತು ಖರೆ. ಚಂದಪ್ಪ ಚೆಂಡನ್ನು ನೋಡುತ್ತಲೇ ಇರಲಿಲ್ಲ. ಅವನು ನೋಡುತ್ತಿದ್ದದ್ದು ರೆಫರಿಯನ್ನು. ಅದಕ್ಕೆ ಕಾರಣ ಫುಟ್‌ಬಾಲ್ ಅಲ್ಲ, ಕುಸ್ತಿ. ಊರಲ್ಲಿದ್ದಾಗ ಅವನು ಕುಸ್ತಿ ಹಿಡಿದವನು. ಮೊಣಕಾಲು ಕೆಟ್ಟ ಮೇಲೆ ಸೋಲು ಗೆಲುವು ಹೇಳುವ ಪಂಚನಾಗಿ ಕಣದಲ್ಲಿ ನಿಂತವನು. ಕಣದ ಸುತ್ತ ಕೂತವರ ಕಣ್ಣು ಪೈಲ್ವಾನರ ಮೇಲಿದ್ದರೆ ಹಲಗೆ ಬಾರಿಸುವವರ ಕಣ್ಣು ಪಂಚನ ಮೇಲೆ. ಪಂಚನ ಕೈ ಮೇಲೆ ಹೋಯಿತು, ಹಲಗೆಗೆ ಪೆಟ್ಟು ಬಿತ್ತು, ಕುಸ್ತಿ ಮುಗಿಯಿತು. ಬೆನ್ನು ಮಣ್ಣಿಗೆ ಹತ್ತಿತ್ತೋ ಇಲ್ಲವೋ ಎಂದು ಆಮೇಲೆ ಚಹದಂಗಡಿಯಲ್ಲಿ ಕೂತು ವರ್ಷಗಟ್ಟಲೆ ವಾದ ಮಾಡಬಹುದು. ಆದರೆ ಮೇಲೆ ಹೋದ ಕೈ ಕೆಳಗಿಳಿಯುವಂತಿಲ್ಲ. ಇಳಿಸಿದ ಪಂಚನನ್ನು ಮತ್ತೆ ಯಾವ ಊರವರೂ ಕರೆಯುತ್ತಿರಲಿಲ್ಲ.

ಹೀಗಾಗಿ ಗೋಲಾದಾಗ ಬಾರೆಲ್ಲ ಎದ್ದು ಕುಣಿದರೂ ಚಂದಪ್ಪ ಹಗ್ಗ ಹಿಡಿದು ಸುಮ್ಮನೆ ನಿಂತಿರುತ್ತಿದ್ದ. ರೆಫರಿ ಸೀಟಿ ಊದಿ ಮೈದಾನದ ನಡುವಿಗೆ ಕೈ ತೋರಿಸಿದ ಮೇಲೆಯೇ ಢಣ್ ಎನ್ನಿಸುತ್ತಿದ್ದ. ಅವನ ಪ್ರಕಾರ ಅದಕ್ಕಿಂತ ಗಟ್ಟಿ ತೀರ್ಪು ಲೋಕದಲ್ಲಿರಲಿಲ್ಲ.

ಹೋದ ನವೆಂಬರಿನಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. ಕೆಂಪಂಗಿಯವರು ಗೋಲು ಹೊಡೆದರು, ರೆಫರಿ ನಡುವಿಗೆ ಕೈ ತೋರಿಸಿದ, ಚಂದಪ್ಪ ಬಾರಿಸಿದ. ಅಂದು ಬಾರು ತುಂಬಿತ್ತು. ಗ್ಲಾಸುಗಳು ಹೋದವು, ಅರ್ಧ ಖಾಲಿಯೂ ಆದವು. ಅಷ್ಟರಲ್ಲಿ ರೆಫರಿ ಒಂದು ಬೆರಳನ್ನು ಕಿವಿಗಿಟ್ಟುಕೊಂಡ. ಗೆರೆಯಾಚೆ ಇಟ್ಟಿದ್ದ ಸಣ್ಣ ಟಿವಿಯ ಹತ್ತಿರ ಓಡಿದ, ಬಗ್ಗಿ ನೋಡಿದ, ತಿರುಗಿ ಬಂದು ಗಾಳಿಯಲ್ಲಿ ಒಂದು ಚೌಕ ಬರೆದ. ಗೋಲು ಇಲ್ಲ. ಚೆಂಡು ಯಾರದೋ ಕೈಗೆ ತಾಗಿತ್ತಂತೆ. ಗಿರಾಕಿಗಳು ಅಲ್ಲಿಯ ರೆಫರಿಗೆ ಬೈದರು, ಇಲ್ಲಿಯ ಬಿಯರು ಕುಡಿದು ಮುಗಿಸಿದರು.

"ಕಾಕಾ, ಯಾಕ ಬಾರಿಸಿದ್ರಿ?" ವಸಂತ ಕೇಳಿದ.

"ರೆಫರಿ ಕೈ ಮಾಡಿದ್ನಲ್ರಿ ಸಾಹೇಬ್ರ."

"ಮಾಡಿದ್ದ. ಆಮ್ಯಾಲೆ ತಗದ."

"ಮಾಡಿದ ಕೈ ತಗೀತಾನಂದ್ರ ಅಂವಾ ಎಂಥಾ ಪಂಚ್ರಿ?"

ವಸಂತನಿಗೆ ನಗು ಬಂತು, ಆದರೆ ನಗುವ ಹೊತ್ತಲ್ಲ ಎಂದು ನುಂಗಿಕೊಂಡ.

ಮರುದಿನ ಗ್ಲಾಸು ತೊಳೆಯುವಾಗ ದೇವು ತಿಳಿಸಿ ಹೇಳಿದ. ದೇವು ಹನುಮವ್ವನ ಅಣ್ಣನ ಮಗ, ಅಲ್ಲೇ ವೇಟರು. "ಮಾಮಾ, ಅಲ್ಲಿ ಬ್ಯಾರೆ ಊರಾಗ ಒಂದು ಖೋಲಿ ಐತಿ. ಟಿವಿ ಇಟಗೊಂಡು ಬ್ಯಾರೆ ರೆಫರಿಗೋಳು ಅಲ್ಲಿ ಕುಂತಿರ್ತಾರ. ತಿರಗಾಮುರಗಾ ನೋಡಿ ಇವನ ಕಿವ್ಯಾಗ ಹೇಳ್ತಾರ, ನಿಂದು ತಪ್ಪಾತು ಅಂತ."

"ಖೋಲ್ಯಾಗ ಕುಂತು? ಬೆವರಿಲ್ದ?"

"ಎಸಿ ಇರ್ತದ ಮಾಮಾ."

"ಹಂಗಾರ ಇಂವಾ ಯಾಕ ಬಿಸಲಾಗ ಓಡ್ಯಾಡ್ತಾನ? ಇವನೂ ಹೋಗಿ ಅಲ್ಲೇ ಕುಂಡ್ರಬಾರದ?"

ಒಳಗಿನಿಂದ ಅಡಿಗೆಯ ಖೀರಪ್ಪ ಕೂಗಿದ: "ಬೈಸಿಕೊಳ್ಳಾಕ ಒಬ್ಬಾವ ಬಯಲಾಗ ಬೇಕಲ್ಲೋ ಯಣ್ಣಾ! ಖೋಲ್ಯಾಗಿದ್ದವರಿಗೆ ಬೈದ್ರ ಕೇಳಸ್ತದೇನು?"

ಬಾರಿನ ಧಣಿಗೆ ಇದು ನಗುವ ವಿಷಯವಾಗಿರಲಿಲ್ಲ. ಗೋವಾದ ರೂಢಿಯಂತೆ ಎಲ್ಲರೂ ಅವರನ್ನು ಪಾತ್ರಾಂವ ಎನ್ನುತ್ತಿದ್ದರು. ಸಾಲಿಗಾಂವದಲ್ಲಿ ಅವರ ದೊಡ್ಡ ಹಳೇ ಮನೆ. ಕೆಟ್ಟವರೇನಲ್ಲ, ಆದರೆ ಇಂಗ್ಲಂಡಿನ ಗಿರಾಕಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು, ಬಂದವರೂ ಒಂದೇ ಗ್ಲಾಸು ಹಿಡಿದು ಆಟ ಮುಗಿಯುವ ತನಕ ಕೂಡುತ್ತಿದ್ದರು. ಅವರನ್ನು ಹಿಡಿದಿಡಲೆಂದೇ ಘಂಟೆಯ ಉಪಾಯ ಮಾಡಿದ್ದು. ಅದೇ ಈಗ ತಿರುಗಿ ಕಚ್ಚಿತ್ತು. ಪಾತ್ರಾಂವ ಬಂದರು, ಕೌಂಟರಿನ ಮುಂದೆ ನಿಂತು ಚಂದಪ್ಪನಿಗೂ ಕೇಳುವಂತೆ ವಸಂತನಿಗೆ ಹಿಂದಿಯಲ್ಲಿ ಹೇಳಿದರು.

"ಇನ್ನೊಂದು ಸಲ ಘಂಟೆ ತಪ್ಪಿದರೆ ಮುದುಕ ಕೋಣೆ ಖಾಲಿ ಮಾಡಲಿ. ಅವನನ್ನು ಕಳಿಸುವುದು ನಿನ್ನ ಕೈಲಾಗದಿದ್ದರೆ ಬೇರೆ ಮ್ಯಾನೇಜರನ್ನು ನೋಡುತ್ತೇನೆ."

ಅವರು ಹೋದ ಮೇಲೆ ವಸಂತ ಒಂದು ಕಟ್ಟಳೆ ಮಾಡಿದ. "ಕಾಕಾ, ಇನ್ನ ಮ್ಯಾಲೆ ರೆಫರೀನ್ನ ನೋಡಬ್ಯಾಡ್ರಿ. ನನ್ನ ನೋಡ್ರಿ. ನಾ ಗೋಣು ಹಾಕಿದ ಮ್ಯಾಲೆ ಬಾರಸ್ರಿ. ಗೋಣು ಹಾಕೋ ತನಕ ಆಕಾಶ ಹರಕೊಂಡು ಬಿದ್ರೂ ಹಗ್ಗಕ್ಕ ಕೈ ಹಚ್ಚಬ್ಯಾಡ್ರಿ."

"ಹೂಂನ್ರಿ."

ಡಿಸೆಂಬರೆಲ್ಲ ಹಾಗೇ ನಡೆಯಿತು. ಗೋಲಾದ ಮೇಲೆ ವಸಂತ ಟಿವಿ ನೋಡುತ್ತ ನಿಲ್ಲುತ್ತಿದ್ದ. ಚೆಂಡನ್ನು ಮತ್ತೆ ನಡುವಿಗಿಟ್ಟು ಒದ್ದ ಮೇಲೆ ಗೋಣು ಹಾಕುತ್ತಿದ್ದ. ಅಷ್ಟೊತ್ತಿಗೆ ಕುಣಿದವರು ಕುಣಿದು ಕೂತಿರುತ್ತಿದ್ದರು. ಘಂಟೆ ತಣ್ಣಗಿನ ಅನ್ನದಂತೆ ಬರುತ್ತಿತ್ತು. ಪ್ರತಿ ಚಳಿಗಾಲಕ್ಕೂ ಬರುವ ಬಿಳಿ ಗಡ್ಡದ ಸಾಹೇಬನೊಬ್ಬನಿದ್ದ, ಅವನ ಊರಲ್ಲಿ ಬಸ್ಸು ಓಡಿಸುತ್ತಿದ್ದವನು. ಅವನೂ ಗೊಣಗಿದ. ಆಮೇಲೆ ಅವನೇ ದೇವುವಿಗೆ ಹೇಳಿದನಂತೆ: ನಮ್ಮಲ್ಲೂ ಈಗ ಹೀಗೇ, ಗೋಲಾದರೆ ಮೊದಲು ರೆಫರಿಯ ಕಿವಿ ನೋಡುತ್ತೇವೆ, ಆಮೇಲೆ ಕುಣಿಯುತ್ತೇವೆ, ಅಷ್ಟೊತ್ತಿಗೆ ಕುಣಿಯುವ ಮನಸ್ಸು ಹೋಗಿರುತ್ತದೆ.

ಕೆಂಪಂಗಿಯವರಿಗೂ ಆ ವರ್ಷ ಚೆನ್ನಾಗಿರಲಿಲ್ಲ. ಗೆರೆಯ ಪಕ್ಕದಲ್ಲಿ ಕರಿ ಕೋಟು ತೊಟ್ಟು ನಿಲ್ಲುವ ಅವರ ಕೋಚ್‌ನ ಮುಖವನ್ನು ಟಿವಿಯವರು ಮತ್ತೆಮತ್ತೆ ತೋರಿಸುತ್ತಿದ್ದರು. ಇನ್ನೊಂದು ಸೋತರೆ ಅವನ ಕೆಲಸ ಹೋದಂತೆ ಎಂದು ಎಲ್ಲರ ಬಾಯಲ್ಲೂ ಇತ್ತು.

"ವಸಂತ ಸರ್, ಅಲ್ಲಿ ಕೋಚ್‌ಗೂ ಮ್ಯಾನೇಜರ್ ಅಂತಾರಂತ. ನಿಮ್ಮ ಪೈಕೀನ ಆತು," ಎಂದ ದೇವು.

"ನನ್ನ ಪೈಕಿ ಆದ್ರ ಇಷ್ಟು ಚಲೋ ಕೋಟು ಎಲ್ಲಿಂದ ಬರ್ತಿತ್ತೋ?" ಎಂದ ವಸಂತ. ಹಾಗೆಂದರೂ ಆ ಮುಖ ಪರದೆಯ ಮೇಲೆ ಬಂದಾಗ ಅವನು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ನೋಡುತ್ತಿದ್ದುದನ್ನು ಚಂದಪ್ಪ ಕಂಡಿದ್ದ. ಇಷ್ಟು ವರ್ಷದಲ್ಲಿ ಈ ಕೌಂಟರಿನ ಹಿಂದೆ ಎಷ್ಟೋ ಮ್ಯಾನೇಜರರನ್ನು ಅವನು ನೋಡಿದ್ದ. ಕೆಲಸದವರು ತಪ್ಪಿದರೂ, ಮಳೆ ಮುಂದೆ ಹೋದರೂ, ವಿಮಾನ ಬರದಿದ್ದರೂ ಹೋಗುತ್ತಿದ್ದವರು ಮ್ಯಾನೇಜರರೇ.

ಜನವರಿಯ ಒಂದು ಶನಿವಾರ ಸಂಜೆ ಆರಕ್ಕೆ ಆಟ. ಕೆಂಪಂಗಿಯವರಿಗೆ ಎದುರು ಬಿಳಿಯಂಗಿಯವರು. ಕರಿಕೋಟಿನವನಿಗೆ ಇದೇ ಕಡೆಯ ಆಟ ಎಂಬ ಮಾತಿತ್ತು. ಆ ದಿನವೇ ಪಾತ್ರಾಂವ ಮಡಗಾಂವದ ಇಬ್ಬರು ವ್ಯಾಪಾರಿಗಳನ್ನು ಕರೆದುಕೊಂಡು ಬಂದು ಮುಂದಿನ ಟೇಬಲ್ಲಿನಲ್ಲಿ ಕೂತರು. ಬಾರಿನಲ್ಲಿ ಪಾಲು ಹಾಕಲು ಅವರು ಒಪ್ಪುವ ಹಂತದಲ್ಲಿದ್ದರಂತೆ. ವಸಂತ ಬೆಳಗಿನಿಂದ ನಿಂತಲ್ಲಿ ನಿಲ್ಲಲಿಲ್ಲ.

ಮೊದಲರ್ಧ ಗೋಲಿಲ್ಲದೆ ಹೋಯಿತು. ಎರಡನೆಯ ಅರ್ಧ ನಡೆದಿದ್ದಾಗ ಅಡಿಗೆಮನೆಯಿಂದ ಏನೋ ಬಿದ್ದ ಸಪ್ಪಳ ಬಂತು. ಗದ್ದಲದಲ್ಲಿ ಅದು ಮುಂದಿನವರಿಗೆ ಕೇಳಲಿಲ್ಲ. ಕಂಬದ ಹತ್ತಿರ ನಿಂತಿದ್ದ ವಸಂತ ಬಾಗಿಲ ಕಡೆ ನೋಡಿ, ಚಂದಪ್ಪನಿಗೆ 'ಈಗ ಬಂದೆ' ಎಂದು ಕೈಸನ್ನೆ ಮಾಡಿ ಒಳಗೆ ಹೋದ.

ಅವನು ಒಳಗಿದ್ದಾಗಲೇ ಕೆಂಪಂಗಿಯವರು ಗೋಲು ಹೊಡೆದರು.

ಬಾರಿನ ಮಾಡು ಹಾರಿಹೋಗುವ ಹಾಗೆ ಕೂಗು ಎದ್ದಿತು. ಕುರ್ಚಿಗಳು ಬಿದ್ದವು. "ಚಂದೂ! ಬೆಲ್! ಬೆಲ್!" ಎಂದು ಬಿಳಿ ಗಡ್ಡದವನು ಟೇಬಲ್ ಗುದ್ದಿದ. ಉಳಿದವರೂ ಗುದ್ದಿದರು. ಚಂದಪ್ಪ ಅಡಿಗೆಮನೆಯ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಯಾರೂ ಇಲ್ಲ. ಪಾತ್ರಾಂವ ಇವನ ಕಡೆ ತಿರುಗಿದ್ದರು. ಬಂದವರ ಮುಂದೆ ಇದೇನು ಸುಮ್ಮನೆ ನಿಂತಿದ್ದೀಯಾ ಎಂಬಂತೆ ಹುಬ್ಬು ಮೇಲೆ ಹೋಗಿದ್ದವು. ಪರದೆಯ ಮೇಲೆ ರೆಫರಿಯ ಕೈ ಮೈದಾನದ ನಡುವಿನ ಕಡೆಗಿತ್ತು. ಆಮೇಲೆ ಕರಿಕೋಟಿನವನನ್ನು ತೋರಿಸಿದರು. ಅವನು ಹಸಿ ಹುಲ್ಲಿನ ಮೇಲೆ ಮೊಣಕಾಲೂರಿ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅಷ್ಟು ದೊಡ್ಡ ಮನುಷ್ಯ ಇನ್ನೂ ಆಗದ ಗೋಲಿಗೆ ಹೀಗೆ ಅಳುತ್ತಾನೆಯೇ?

ಚಂದಪ್ಪ ಇನ್ನೊಮ್ಮೆ ಬಾಗಿಲ ಕಡೆ ನೋಡಿದ. ಹಗ್ಗ ಎಳೆದ.

ದೇವುವೂ ಇನ್ನೊಬ್ಬ ವೇಟರ್ ಬಾಳುವೂ ಟ್ರೇ ತುಂಬಿಸಿ ಓಡಿದರು. ಮಡಗಾಂವದವರು ಗ್ಲಾಸು ಎತ್ತಿ ಪಾತ್ರಾಂವರ ಗ್ಲಾಸಿಗೆ ತಾಗಿಸಿದರು. ಆಗ ಬಿಳಿ ಗಡ್ಡದವನು ಕೂತ. ರೆಫರಿಯ ಬೆರಳು ಕಿವಿಗೆ ಹೋಗಿತ್ತು.

ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಪರದೆಯ ಮೇಲೆ ಆಟಗಾರರು ಹೋಗಿ ಬೂದಿ ಬಣ್ಣದ ಗೊಂಬೆಗಳು ಬಂದವು. ಗೊಂಬೆಗಳ ನಡುವೆ ಒಂದು ಗೆರೆ. ಹೊಡೆದವನಿಗೆ ಚೆಂಡು ಕೊಟ್ಟ ಆ ಗಳಿಗೆಯಲ್ಲಿ ಕೆಂಪಂಗಿಯವನ ಮೊಣಕಾಲು ಎದುರಿನವನಿಗಿಂತ ಒಂದು ಬೆರಳು ಮುಂದಿತ್ತು. ಆಫ್‌ಸೈಡ್. ಗೋಲು ಇಲ್ಲ. ಕರಿಕೋಟಿನವನು ಎದ್ದು ನಿಂತಿದ್ದ. ಅವನ ಪ್ಯಾಂಟಿನ ಎರಡೂ ಮೊಣಕಾಲಿನ ಮೇಲೆ ಹಸಿ ಮಣ್ಣಿನ ಗುರುತಿತ್ತು.

ಪಾತ್ರಾಂವ ಎದ್ದರು. ದನಿ ಏರಿಸಲಿಲ್ಲ. "ಯಾರು ಬಾರಿಸಲು ಹೇಳಿದ್ದು?"

ವಸಂತ ಆಗಷ್ಟೇ ಅಡಿಗೆಮನೆಯಿಂದ ಹೊರಬಂದಿದ್ದ. ಒಂದು ತೋಳು ಮೊಣಕೈಯ ತನಕ ನೆನೆದಿತ್ತು. ಅವನು ಪರದೆ ನೋಡಿದ, ಟೇಬಲ್ಲುಗಳ ಮೇಲಿನ ಗ್ಲಾಸು ನೋಡಿದ, ಚಂದಪ್ಪನ ಕೈಯಲ್ಲಿ ಇನ್ನೂ ಇದ್ದ ಹಗ್ಗ ನೋಡಿದ.

"ನಾನೇ," ಎಂದ. "ಬಾಗಿಲಿನಿಂದ ಗೋಣು ಹಾಕಿದೆ."

ಚಂದಪ್ಪ ಬಾಯಿ ತೆರೆದ. ಆದರೆ ಮಡಗಾಂವದವರಲ್ಲೊಬ್ಬ ಏನೋ ಅಂದು ನಕ್ಕ, ಪಾತ್ರಾಂವ ಅವನ ಕಡೆ ತಿರುಗಿದರು, ಆ ಗಳಿಗೆ ದಾಟಿಹೋಯಿತು. ಆಮೇಲೆ ಬಿಳಿಯಂಗಿಯವರು ಒಂದು ಗೋಲು ಹೊಡೆದರು. ಅದನ್ನು ಯಾವ ಟಿವಿಯೂ ತೆಗೆಯಲಿಲ್ಲ. ಕೆಂಪಂಗಿಯವರು ಸೋತರು.

ಅಡಿಗೆಮನೆಯಲ್ಲಿ ಆದದ್ದು ಚಂದಪ್ಪನಿಗೆ ಗ್ಲಾಸು ತೊಳೆಯಲು ಒಳಗೆ ಹೋದಾಗ ತಿಳಿಯಿತು. ಮೀನು ಕರಿಯುವ ಎಣ್ಣೆ ಖೀರಪ್ಪನ ಮುಂಗೈ ಮೇಲೆ ಚೆಲ್ಲಿತ್ತು. ವಸಂತ ಅಷ್ಟೂ ಹೊತ್ತು ಅವನ ಕೈಯನ್ನು ನಳದ ಕೆಳಗೆ ಹಿಡಿದು ನಿಂತಿದ್ದ. ಖೀರಪ್ಪ ನೋವಿಗೆ ಎಳೆದುಕೊಂಡರೂ ಬಿಟ್ಟಿರಲಿಲ್ಲ. ಈಗ ಬಾಳು ಅವನನ್ನು ಸ್ಕೂಟರಿನ ಮೇಲೆ ದವಾಖಾನೆಗೆ ಕರೆದೊಯ್ಯುತ್ತಿದ್ದ.

"ಸಾಹೇಬ್ರ, ಯಾಕ ಹಂಗ ಅಂದ್ರಿ?" ಚಂದಪ್ಪ ವಸಂತನನ್ನು ಹಿಡಿದು ಕೇಳಿದ.

"ಅಂದಿದ್ದು ಆಗಿ ಹೋತು. ನಿಮ್ಮ ಖೋಲಿ ಉಳೀತು. ನನಗ ನಾಕು ಮಾತು ಬೈತಾರ, ಅಷ್ಟ. ಹೋಗ್ರಿ, ಉಣ್ಣಹೋಗ್ರಿ."

"ಖೀರಪ್ಪನ ಕೈ ಸುಟ್ಟದ್ದರ ಹೇಳಬೇಕಿತ್ತಲ್ರಿ."

"ಪಾಲುದಾರರ ಎದುರಿಗೆ? ಅಡಿಗಿಮನ್ಯಾಗ ಮಂದಿ ಸುಟಗೋತಾರ ಅಂತ? ಕಾಕಾ, ನೀವು ಸುಮ್ನಿರ್ರಿ."

ಸುಮ್ಮನಿರುವುದು ಚಂದಪ್ಪನಿಗೆ ಹೊಸದಲ್ಲ. ಆದರೆ ನಾಕು ಮಾತಿಗೆ ಮುಗಿಯಲಿಲ್ಲ. ಭಾನುವಾರ ಬೆಳಿಗ್ಗೆ ದೇವು ಓಡುತ್ತ ಬಂದ.

"ಮಾಮಾ, ವಸಂತ ಸರ್‌ದು ಮುಗೀತು. ತಿಂಗಳಾಖೇರಿಗೆ ಹೋಗಂದಾರ. ಪಾತ್ರಾಂವ ರಾತ್ರೀನ ಮೊಬೈಲ್‌ನ್ಯಾಗ ಕ್ಯಾಮೆರಾ ನೋಡ್ಯಾರ. ನೀ ಬಾಗಿಲ ಕಡೆ ನೋಡಿದ್ದು ಐತಂತ, ಆಮ್ಯಾಲೆ ಬಾರಿಸಿದ್ದು ಐತಂತ. ಮುದುಕಂದೇನೂ ತಪ್ಪಿಲ್ಲ, ಗೋಣು ಹಾಕಿದ್ದಕ್ಕ ಬಾರಿಸ್ಯಾನ ಅಂದ್ರಂತ. ಮ್ಯಾನೇಜರ್ ಆದಾಂವ ಇಂಥಾ ಹೊತ್ತಿನ್ಯಾಗ ತನ್ನ ಜಾಗಾ ಬಿಟ್ಟು ಬಾಗಿಲ್ದಾಗ ನಿಂತು, ಟಿವಿ ನೋಡದ ಗೋಣು ಹಾಕಿದ ಅಂತ ಸಿಟ್ಟು."

"ಕ್ಯಾಮೆರಾದಾಗ ಬಾಗಿಲು ಕಾಣಸ್ತದೇನು?"

"ಇಲ್ಲ. ಕೌಂಟರ್ ಅಷ್ಟ ಕಾಣಸ್ತದ. ನಿನ್ನ ಮಾರಿ ಕಾಣಸ್ತದ." ದೇವು ದನಿ ತಗ್ಗಿಸಿದ. "ಅಂವಾ ಬಾಗಿಲ್ದಾಗ ಇದ್ನಿಲ್ಲೋ ಮಾಮಾ?"

ಚಂದಪ್ಪ ಒಲೆಯ ಪಕ್ಕ ಹೋಗಿ ಕೂತ.

ಹನುಮವ್ವ ರೊಟ್ಟಿ ಬಡಿಯುತ್ತಿದ್ದವಳು ದೇವು ಹೋದ ಮೇಲೆ ಕೈ ನಿಲ್ಲಿಸದೆ ಹೇಳಿದಳು: "ನೀವೇನೂ ಸುಳ್ಳು ಹೇಳಿಲ್ಲ. ಅಂವಾ ತಾನಾಗೇ ತನ್ನ ಬಾಯಿಲೆ ಹೇಳ್ಯಾನ. ನೀವು ಹೋಗಿ ಕೇಳಿದ್ರೇನು, ಹಂಗ ಹೇಳಪಾ ಅಂತ?"

"ಇಲ್ಲ."

"ಅವನ ಹೇಂತಿಗೆ ಪಗಾರ ಬರ್ತದ. ಕಲತಾಂವ, ಇಂಗ್ಲೀಷ್ ಬರ್ತದ. ಇಲ್ಲಿ ಬಿಟ್ರ ಇನ್ನೊಂದು ಹೊಟೇಲು. ನಿಮಗ ಈ ವಯಸ್ಸಿನ್ಯಾಗ ಯಾರು ಕರದು ಖೋಲಿ ಕೊಡ್ತಾರ?"

"ಯಾರೂ ಕೊಡಾಂಗಿಲ್ಲ."

"ಮತ್ತ?"

"ಬಾಗಿಲ್ದಾಗ ಯಾರೂ ಇದ್ದಿಲ್ಲ, ಹನಮವ್ವಾ."

"ಇದ್ದಿಲ್ಲ ಅನ್ನೋದು ನಿಮಗ ಗೊತ್ತು, ನನಗ ಗೊತ್ತು. ಸಾಕು." ಹಂಚಿನ ಮೇಲೆ ರೊಟ್ಟಿ ಹಾಕಿದಳು. ಅವನು ಎರಡು ರೊಟ್ಟಿ ತಿಂದ. ಮೂರನೆಯದನ್ನು ಬೇಡವೆಂದ. ಅವಳು ಅವನ ಮುಖವನ್ನು ಒಮ್ಮೆ ದಿಟ್ಟಿಸಿ ನೋಡಿದಳು, ಮತ್ತೆ ಒತ್ತಾಯ ಮಾಡಲಿಲ್ಲ.

ಸೋಮವಾರ ಬಾರಿನಲ್ಲಿ ಇನ್ನೊಂದು ಸುದ್ದಿಯಿತ್ತು. ಕರಿಕೋಟಿನವನ ಕೆಲಸ ಹೋಗಿರಲಿಲ್ಲ. ಅವನ ಮೇಲೆ ನಮಗೆ ಪೂರಾ ನಂಬಿಕೆ ಇದೆ ಎಂದು ಅಲ್ಲಿಯ ಧಣಿಗಳು ಹೇಳಿಕೆ ಕೊಟ್ಟಿದ್ದರು. ಹಾಗೆ ಹೇಳಿದರೆ ಅವನ ಕೆಲಸ ಇನ್ನು ಮೂರೇ ವಾರ ಎಂದು ತಿಳಿಯಬೇಕು ಎಂದ ಬಿಳಿ ಗಡ್ಡದವನು. ವಸಂತ ಎಂದಿನಂತೆ ಕೌಂಟರಿನಲ್ಲಿದ್ದ. ಹೊಸ ಮ್ಯಾನೇಜರ್ ಬರುವ ಮೊದಲು ಸಾಮಾನೆಲ್ಲ ಬಾಳುವಿಗೆ ತೋರಿಸಿಕೊಡುತ್ತಿದ್ದ. ಚಂದಪ್ಪನನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದ. ಅದು ಸಿಟ್ಟಿನ ನೋಟವಲ್ಲ. ಸಾಲ ಕೊಟ್ಟವನು ಸಾಲ ತೆಗೆದುಕೊಂಡವನಿಗೆ ನಾಚಿಕೆಯಾಗದಿರಲಿ ಎಂದು ದಾರಿ ಬದಲಿಸುವಂಥದ್ದು. ಅದನ್ನೇ ಚಂದಪ್ಪನಿಗೆ ತಾಳಿಕೊಳ್ಳಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಬಸ್ಸು ಹಿಡಿದು ಸಾಲಿಗಾಂವಕ್ಕೆ ಹೋದ.

ಪಾತ್ರಾಂವ ವರಾಂಡದಲ್ಲಿ ಚಹ ಕುಡಿಯುತ್ತಿದ್ದರು. ಇಬ್ಬರೂ ಮಾತಾಡಿದ್ದು ಹಿಂದಿಯಲ್ಲೇ. ಅವರದು ಕೊಂಕಣಿ ಮೈಯ ಹಿಂದಿ, ಇವನದು ಕನ್ನಡ ಮೈಯದ್ದು.

"ಪಾತ್ರಾಂವ, ಘಂಟೆ ನಾನೇ ಬಾರಿಸಿದ್ದು. ಯಾರೂ ಗೋಣು ಹಾಕಲಿಲ್ಲ."

ಪಾತ್ರಾಂವ ಕಪ್ಪು ಕೆಳಗಿಟ್ಟು ಮೊಬೈಲ್ ತೆಗೆದರು. ಚಂದಪ್ಪ ತನ್ನನ್ನು ತಾನು ನೋಡಿದ: ಮೇಲಿನಿಂದ, ಸಣ್ಣಗೆ, ಬೋಳು ನೆತ್ತಿಯ ಮನುಷ್ಯ. ನೆತ್ತಿ ಇಷ್ಟು ಬೋಳಾಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಆ ಮನುಷ್ಯ ಬಲಕ್ಕೆ ತಿರುಗಿದ, ಪರದೆ ನೋಡಿದ, ಮತ್ತೆ ಬಲಕ್ಕೆ ತಿರುಗಿದ, ಹಗ್ಗ ಎಳೆದ.

"ನೋಡು. ಬಾಗಿಲ ಕಡೆ ನೋಡಿದೆ, ಬಾರಿಸಿದೆ. ಗೋಣು ಕಂಡದ್ದಕ್ಕೇ ಬಾರಿಸಿದೆ."

"ನೋಡಿದ್ದು ಖರೆ. ಬಾಗಿಲು ಖಾಲಿ ಇತ್ತು."

"ಹಾಗಾದರೆ ಕ್ಯಾಮೆರಾ ಸುಳ್ಳು ಹೇಳುತ್ತದೆಯೇ?"

"ಸುಳ್ಳಲ್ಲ. ನಾನು ನೋಡಿದ್ದು ಅದಕ್ಕೆ ಕಂಡಿದೆ. ನನಗೇನು ಕಂಡಿತು ಅನ್ನೋದು ಅದಕ್ಕೆ ಕಂಡಿಲ್ಲ."

ಪಾತ್ರಾಂವ ಅದನ್ನು ಇನ್ನೊಮ್ಮೆ ಓಡಿಸಿದರು, ನಿಲ್ಲಿಸಿದರು, ಬೆರಳಿಂದ ಹಿಗ್ಗಿಸಿ ನೋಡಿದರು. ಹಿಗ್ಗಿಸಿದಷ್ಟೂ ಚಂದಪ್ಪನ ಮುಖ ಮಸುಕಾಯಿತೇ ಹೊರತು ಬಾಗಿಲು ಬರಲಿಲ್ಲ.

"ಮತ್ತೆ ವಸಂತ ಎಲ್ಲಿದ್ದ?"

ಚಂದಪ್ಪ ಖೀರಪ್ಪನ ಕೈಯ ಸಂಗತಿ ಹೇಳಿದ. ಎಣ್ಣೆ, ನಳ, ನೆನೆದ ತೋಳು, ಎಲ್ಲ. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

"ನನಗೆ ಯಾಕೆ ಹೇಳಲಿಲ್ಲ ಅವನು?"

"ನಿಮ್ಮ ಜೊತೆ ವ್ಯಾಪಾರಿಗಳು ಕೂತಿದ್ದರಲ್ಲ. ಆಮೇಲೆ ನನ್ನ ಕೋಣೆ ಅಡ್ಡ ಬಂತು."

ಪಾತ್ರಾಂವ ಮೊಬೈಲನ್ನು ಕಪ್ಪಿನ ಪಕ್ಕಕ್ಕಿಟ್ಟರು. "ನಾನು ಅವನಿಗೆ ಹೋಗು ಎಂದು ಹೇಳಿಯಾಗಿದೆ. ಬೇರೆಯವನಿಗೆ ಬಾ ಎಂದೂ ಹೇಳಿದ್ದೇನೆ. ಆಡಿದ ಮಾತು ತಿರುಗಿ ತೆಗೆದುಕೋ ಅಂತೀಯಾ?"

ಚಂದಪ್ಪ ಮೆಟ್ಟಿಲ ಮೇಲೆ ನಿಂತೇ ಇದ್ದ. ಇಡೀ ಚಳಿಗಾಲ ಯಾವ ಮಾತಿಗೆ ಅವನು ಇಂಗ್ಲಂಡಿನ ರೆಫರಿಯನ್ನು ಹಳಿದಿದ್ದನೋ ಅದೇ ಮಾತು ಈಗ ಅವನ ಬಾಯಿಂದ ಹೊರಡಬೇಕಾಗಿತ್ತು. ಕಷ್ಟವಾಯಿತು.

"ಹೂಂ," ಎಂದ. "ತೆಗೆದುಕೊಳ್ಳಿ."

"ತೆಗೆದುಕೊಂಡರೆ ನವೆಂಬರಿನಲ್ಲಿ ನಾನು ಹೇಳಿದ್ದು ಉಳಿಯುತ್ತದೆ. ಅದು ನಿನಗೆ ನೆನಪಿದೆಯಲ್ಲ?"

"ಇದೆ. ಕೋಣೆ ಖಾಲಿ ಮಾಡುತ್ತೇನೆ."

"ಮುದುಕಾ, ನಿನ್ನನ್ನು ಯಾರಾದರೂ ಕಳಿಸಿದರೇನು?"

"ಕಳಿಸುವವರು ಯಾರಿದ್ದಾರೆ? ಬೇಡ ಎಂದವರೇ ಇಬ್ಬರು."

ಪಾತ್ರಾಂವ ಒಳಗೆ ಕೂಗಿ ಅವನಿಗೂ ಚಹ ತರಿಸಿದರು. ಚಂದಪ್ಪ ಕುಡಿದು ಕಪ್ಪನ್ನು ಮೆಟ್ಟಿಲ ಮೇಲಿಟ್ಟ. "ಹೋಗು. ನೋಡುತ್ತೇನೆ," ಎಂದರು ಕೊನೆಗೆ.

ನೋಡಿದರು. ಮಧ್ಯಾಹ್ನದೊಳಗೆ ವಸಂತನಿಗೆ ಫೋನು ಬಂತು: ಸೀಜನ್ ಮುಗಿಯುವ ತನಕ ಇರು, ಆಮೇಲಿನದು ಆಮೇಲೆ, ಖೀರಪ್ಪನ ದವಾಖಾನೆಯ ಖರ್ಚು ಬಾರಿನದು, ಮುದುಕ ಬರುವ ಭಾನುವಾರದೊಳಗೆ ಕೋಣೆ ಬಿಡಲಿ. ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಂಡ ಪಾತ್ರಾಂವ ಇನ್ನೊಂದನ್ನು ತೆಗೆದುಕೊಳ್ಳಲಿಲ್ಲ. ಎರಡನ್ನೂ ತೆಗೆದುಕೊಂಡರೆ ಧಣಿಯ ಮಾತಿಗೆ ಬೆಲೆ ಏನು ಉಳಿಯಿತು? ಚಂದಪ್ಪನಿಗೆ ಅದು ಅರ್ಥವಾಗುವ ಸಂಗತಿಯೇ.

ಹನುಮವ್ವನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಅವನು ಕೋಣೆಗೆ ಬಂದರೆ ಪಾತ್ರೆಗಳೆಲ್ಲ ಗೋಣಿಚೀಲ ಸೇರಿದ್ದವು. ದೇವರ ಪಟಗಳನ್ನು ಸೀರೆಯಲ್ಲಿ ಸುತ್ತಿ ಇಟ್ಟಿದ್ದಳು.

"ಯಾರು ಹೇಳಿದ್ರು ನಿನಗ?"

"ಯಾರರ ಯಾಕ ಹೇಳಬೇಕು? ಮೂರನೇ ರೊಟ್ಟಿ ಒಲ್ಲೆ ಅಂದಾಗ ಗೊತ್ತಾತು, ಇಂವಾ ಹೋಗಿ ಹೇಳಾಂವನ ಅಂತ." ಅವಳು ಅವನ ಕಡೆ ನೋಡದೆ ಚೀಲದ ಬಾಯಿ ಬಿಗಿದಳು. "ಗೆಸ್ಟ್‌ಹೌಸಿನ ಮಾಲಕಿ ಬಾಯಾರನ್ನ ಕೇಳೇನಿ. ಹಿತ್ತಲದಾಗ ಹಳೇ ಸಾಮಾನಿನ ಖೋಲಿ ಐತಿ. ಗೇಟು ಕಾಯ್ದು, ಗಿಡಕ್ಕ ನೀರು ಹಾಕೋದಾದ್ರ ಇರ್ರಿ ಅಂದಾರ. ನಾಕು ತಿಂಗಳಂತ. ಮಳಿಗಾಲ ಬಂದ್ರ ಬ್ಯಾರೆ ನೋಡ್ಕೋಬೇಕಂತ. ತಗಡಿನ ಮಾಡು ಐತಿ, ಸೋರ್ತದ."

"ಮತ್ತ ಭಾನುವಾರ ನನಗ ಹೇಳಬ್ಯಾಡ ಅಂದಿ?"

"ಹೇಳಬ್ಯಾಡ ಅನ್ನೋದು ನನ್ನ ಕೆಲಸ. ಕೇಳೋದು ಬಿಡೋದು ನಿಮ್ಮದು. ಹಿಡೀರಿ ಇದನ್ನ."

ಶನಿವಾರ ಬೆಳಿಗ್ಗೆ ಸಾಮಾನು ಸಾಗಿಸಲು ದೇವು ಒಂದು ಕೈಗಾಡಿ ತಂದ. ವಸಂತನೂ ಬಂದ. ಬಂದವನು ಬಾಗಿಲಲ್ಲೇ ನಿಂತು ಒಮ್ಮೆಗೇ ಶುರು ಮಾಡಿದ.

"ಕಾಕಾ, ನಾ ನೌಕರಿಗೆ ಬಂದಾಗಿನಿಂದ ಧಣಿ ಮುಂದ ಹೇಳಿದ್ದು ಒಂದ ಸುಳ್ಳು. ಒಂದ! ಅದನ್ನೂ ನೀವು ನಿಂದರಗೊಡಲಿಲ್ಲ. ಈಗ ಪಾತ್ರಾಂವ ನಾ ಸಕ್ರಿ ಮುಗದದ ಅಂದ್ರೂ ಡಬ್ಬಿ ತಗದು ನೋಡ್ತಾರ. ನನಗ ಕೆಲಸ ಉಳಿಸಿದ್ರೋ, ಮರ್ಯಾದಿ ಕಳದ್ರೋ?"

"ಎರಡೂ ಮಾಡೇನಿ ಅಂತ ಕಾಣಸ್ತದ್ರಿ ಸಾಹೇಬ್ರ."

"ಮ್ಯಾಲೆ ನಗ್ತೀರಿ. ಮೃದುಲಾ ಕೇಳ್ತಾಳ, ಯಾರೋ ಮುದುಕಗ ಖೋಲಿ ಉಳಸ್ತೀನಿ ಅಂತ ಹೋಗಿ ಖೋಲೀನೂ ಕಳದು ಬಂದ್ಯಲ್ಲ ಅಂತ. ಏನ ಹೇಳ್ಲಿ ಆಕಿಗೆ?"

ಹನುಮವ್ವನಿಗೆ ಇದನ್ನೆಲ್ಲ ಕೇಳುತ್ತ ನಿಲ್ಲಲು ಪುರಸೊತ್ತಿರಲಿಲ್ಲ. ಅವಳು ಕಬ್ಬಿಣದ ಟ್ರಂಕಿನ ಒಂದು ಹಿಡಿಕೆ ಹಿಡಿದು ಬಗ್ಗಿ ನಿಂತಿದ್ದಳು.

"ಮಾತು ಆಮ್ಯಾಲೆ ಆಡಿರಂತ. ಆ ಕಡೀದು ನೀವು ಹಿಡೀರಿ ಸಾಹೇಬ್ರ. ಇವರ ಮೊಣಕಾಲು ನೆಟ್ಟಗಿಲ್ಲ."

ವಸಂತ ಇನ್ನೂ ಏನೋ ಹೇಳಹೋದವನು ನಿಲ್ಲಿಸಿ, ಅಂಗಿಯ ತೋಳು ಮಡಚಿ ಟ್ರಂಕಿಗೆ ಕೈ ಹಾಕಿದ. ಅದರ ಭಾರಕ್ಕೆ ಒಮ್ಮೆ ಹೆಜ್ಜೆ ತಪ್ಪಿದ. "ಏನ ತುಂಬೀರಿ ಹನಮಕ್ಕಾ ಇದರಾಗ, ಬಂಗಾರ?"

"ಹೌದ್ರಿ, ಬಂಗಾರ," ಎಂದಳು ಹನುಮವ್ವ. "ನಡೀರಿ, ಬಿಸಲಾಗ್ತದ."